ಉಸಿರಿಗೆ ಬಿಡುವ ಜಾಗ

"ಎಲ್ಲಿ ಬಿಗೀತಿದೆ ತೋರ್ಸು," ಎಂದ ಟೈಲರ್ ಮಾಸ್ಟರ್, ತುಟಿಯ ಸಂದಿನಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಹೆಂಡತಿ ಎದೆಯ ಮೇಲೆ ಕೈ ಇಟ್ಟು ತೋರಿಸಿದಳು. ಅವನು ಅವಳ ಅಂಗಿಯ ಪಕ್ಕದ ಹೊಲಿಗೆಯನ್ನು ಹಿಡಿದು ಎಳೆದು ನೋಡಿದ. ಬಟ್ಟೆ ಹಿಡಿ ತುಂಬ ಬಂತು. ಹೋದ ತಿಂಗಳು ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದ ಅಂಗಿ ಅದು. ಅದಕ್ಕೂ ಹಿಂದೆ ಒಮ್ಮೆ ಬಿಚ್ಚಿದ್ದೂ ಅದನ್ನೇ. ಈಗ ಅದು ಯಾರದೋ ಅಂಗಿಯನ್ನು ಕೇಳಿ ತಂದು ತೊಟ್ಟ ಹಾಗೆ ಅವಳ ಮೈಮೇಲೆ ಜೋಲಾಡುತ್ತಿತ್ತು.

"ಇಷ್ಟು ದೊಗಳೆ ಇದೆ, ಇನ್ನೂ ಬಿಗೀತಿದೆ ಅಂತೀಯಲ್ಲ ಕಣೇ. ಸರಿ, ಕಂಕುಳ ಹತ್ರ ಹಿಡೀತಿರ್ಬೇಕು. ಬಿಚ್ಚಿ ಕೊಡು. ಹೊಲಿಗೆಯೊಳಗೆ ಬಿಟ್ಟ ಬಟ್ಟೆ, ಮಾರ್ಜಿನ್, ಇನ್ನೂ ಇದೆ. ನಾನಿರುವಾಗ ನಿನಗ್ಯಾಕೆ ಚಿಂತೆ?"

"ಅಂಗಿ ಅಲ್ಲ ರೀ. ಉಸಿರು."

"ಅಂಗಿ ಬಿಗಿಯಾದ್ರೆ ಉಸಿರು ಹಿಡಿದೇ ಹಿಡಿಯುತ್ತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಆಸ್ಪತ್ರೆಯಿಂದ ಹೊರಟಾಗಿನಿಂದ ಇದೇ ಮಾತನ್ನು ಬಸ್ಸಿನಲ್ಲಿ ಹೇಳಿದ್ದಾಳೆ, ಊಟದ ಹೊತ್ತಿನಲ್ಲಿ ಹೇಳಿದ್ದಾಳೆ, ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಹೇಳಿದ್ದಾಳೆ. ಈ ಮನುಷ್ಯನ ಕಿವಿಗೆ ಬಿದ್ದದ್ದೆಲ್ಲ ಬಟ್ಟೆಯಾಗಿಬಿಡುತ್ತದೆ. ಕತ್ತರಿಸಿ ಹೊಲಿಯಲಾಗದ್ದು ಲೋಕದಲ್ಲಿ ಏನೂ ಇಲ್ಲ ಎಂದುಕೊಂಡಿರುವ ಗಂಡನಿಗೆ ಏನನ್ನು ಹೇಗೆ ಹೇಳುವುದು?

ಅಳತೆ ಕೊಡಲು ಬಂದವರು ಬಟ್ಟೆ ಬದಲಿಸಲೆಂದು ಅಂಗಡಿಯ ಮೂಲೆಯಲ್ಲಿ ಒಂದು ಪರದೆ ಕಟ್ಟಿತ್ತು. ಅದರ ಹಿಂದೆ ಹೋಗಿ ಗುಂಡಿ ಬಿಚ್ಚಲು ನಿಂತಳು. ಬೆರಳುಗಳು ಮಾತು ಕೇಳಲಿಲ್ಲ. ಅವು ಈಗ ಯಾವಾಗಲೂ ಅರ್ಧ ಮಡಚಿಯೇ ಇರುತ್ತವೆ, ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ಬಿಡಿಸಿಕೊಳ್ಳುವುದೂ ಇಲ್ಲ. ಗುಂಡಿಯನ್ನು ಕಾಜಾದಿಂದ ದಾಟಿಸಲು ಹೆಬ್ಬೆರಳಿನ ಬುಡದಿಂದ ಒತ್ತಿದಳು, ಜಾರಿತು, ಮತ್ತೆ ಒತ್ತಿದಳು. ಆ ಕಾಜಾ ಅವಳೇ ಕೈಯಾರೆ ಮಾಡಿದ್ದು. ಗುಂಡಿ ತಾನಾಗಿ ಕಳಚಿಕೊಳ್ಳದ ಹಾಗೆ ಬಿಗಿಯಾಗಿ, ಅಚ್ಚುಕಟ್ಟಾಗಿ. ಹಾಳಾದ್ದನ್ನು ಇಷ್ಟು ಚೆನ್ನಾಗಿ ಯಾಕೆ ಮಾಡಿದೆನೋ ಎಂದು ತನ್ನನ್ನೇ ಬೈದುಕೊಂಡಳು.

ಬೀದಿಯವರೆಲ್ಲ ಅವಳನ್ನು ಕಾಜಕ್ಕ ಎಂದೇ ಕರೆಯುವುದು. ಮನೆಯಲ್ಲಿ ಇಟ್ಟ ಹೆಸರು ಯಾರಾದರೂ ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ, ಅಷ್ಟು ಅಂಟಿಕೊಂಡಿದೆ ಈ ಅಡ್ಡಹೆಸರು. ಗಂಡ ಕೋಟು ಕತ್ತರಿಸುತ್ತಾನೆ, ಹೊಲಿಯುತ್ತಾನೆ. ಗುಂಡಿ ತೂರುವ ರಂಧ್ರದ ಸುತ್ತ ರೇಷ್ಮೆದಾರದ ಕಟ್ಟು ಹಾಕುವುದು ಮಾತ್ರ ಅವಳ ಕೆಲಸ. ಮೆಷಿನ್ನಿನಲ್ಲಿ ಮಾಡಿದ ಕಾಜಾ ನಾಲ್ಕು ಸಲ ಒಗೆದರೆ ಹಲ್ಲು ಬಿದ್ದ ಬಾಯಿಯಾಗುತ್ತದೆ. ಕಾಜಕ್ಕನದು ಕೋಟು ಸವೆದು ಹೋದ ಮೇಲೂ ಹಾಗೆಯೇ ಇರುತ್ತದೆ. ಇದನ್ನು ಅವಳು ಹೇಳಿಕೊಳ್ಳುತ್ತಿರಲಿಲ್ಲ. ಗಂಡನೇ ಬಂದವರಿಗೆಲ್ಲ ಹೇಳಿ ಹೇಳಿ ಮೆರೆಯುತ್ತಿದ್ದ.

ಶುರುವಾದದ್ದು ಚಳಿಗಾಲದಲ್ಲಿ. ತಣ್ಣೀರು ಮುಟ್ಟಿದರೆ ಬೆರಳ ತುದಿಗಳು ಸುಣ್ಣದ ಹಾಗೆ ಬೆಳ್ಳಗಾಗುತ್ತಿದ್ದವು, ಆಮೇಲೆ ನೀಲಿ, ಆಮೇಲೆ ಕೆಂಪಾಗಿ ಚುಚ್ಚುತ್ತಿದ್ದವು. ರಕ್ತ ಕಡಿಮೆ ಎಂದರು. ಬಿಸಿಲು ಬಂದ ಮೇಲೆ ಬೆರಳು ಊದಿಕೊಂಡವು. ಕೆಲಸ ಜಾಸ್ತಿ ಎಂದರು. ಮುಂದಿನ ವರ್ಷದ ಹೊತ್ತಿಗೆ ಊತ ಇಳಿದು ಚರ್ಮ ಗಟ್ಟಿಯಾಗಿ, ಹೊಳಪಾಗಿ, ಎಲುಬಿಗೆ ಅಂಟಿಕೊಂಡಿತು. ಚಿವುಟಲು ಹೋದರೆ ಚರ್ಮವೇ ಸಿಗುತ್ತಿರಲಿಲ್ಲ. ಮಾಸ್ಟರ್ ಒಂದು ದಿನ ಅವಳ ಮುಂಗೈಯನ್ನು ಬೆರಳಲ್ಲಿ ತಟ್ಟಿ, "ಕಾಲರಿಗೆ ಕ್ಯಾನ್ವಾಸ್ ಹಚ್ಚಿದ ಹಾಗಾಗಿದೆ ನೋಡು, ಇಸ್ತ್ರಿ ಹಾಕಿದ್ರೂ ಮಡಚಲ್ಲ," ಎಂದು ನಕ್ಕಿದ್ದ. ಕೋಟಿನ ಕಾಲರು ಸೆಟೆದು ನಿಲ್ಲಲೆಂದು ಒಳಗಿಡುವ ಗಟ್ಟಿ ಬಟ್ಟೆ ಅದು. ಆವತ್ತು ಅವಳೂ ನಕ್ಕಿದ್ದಳು. ನಗಲು ಬರುತ್ತಿತ್ತು ಆವಾಗ.

ಈಗ ಬರುವುದಿಲ್ಲ. ಬಾಯಿ ಚಿಕ್ಕದಾಗಿದೆ, ತುಟಿ ಹಿಗ್ಗುವುದಿಲ್ಲ. ಮುಖದ ಚರ್ಮ ಎಳೆದು ಕಟ್ಟಿದಂತಾಗಿ ಇದ್ದಬದ್ದ ಗೆರೆಗಳೆಲ್ಲ ಮಾಯವಾಗಿವೆ. ಎದುರಿನ ಔಷಧಿ ಅಂಗಡಿಯವಳು ರಸ್ತೆ ದಾಟಿ ಬಂದು, "ಕಾಜಕ್ಕ, ನಿಮಗೆ ವಯಸ್ಸು ಹಿಂದಕ್ಕೆ ಹೋಗ್ತಿದೆಯಲ್ಲ. ಯಾವ ಕ್ರೀಮು ಅದು? ನಮ್ಮಂಗಡೀಲಿ ತಗೊಳ್ಳಲ್ಲ ಅಂದ್ಮೇಲೆ ಏನೋ ಗುಟ್ಟಿದೆ," ಎಂದು ಗಲ್ಲ ಮುಟ್ಟಿ ಹೋದಳು. ಮನೆಯಲ್ಲಿ ಅತ್ತೆಗೆ ಬೇರೆ ದುಃಖ. "ಸೊಸೆ ನನ್ನ ಕಂಡ್ರೆ ನಗೋದೇ ಬಿಟ್ಲು, ನಾನಂಥದ್ದೇನು ಮಾಡ್ದೆ?" ಎಂದು ಬಂದವರ ಮುಂದೆಲ್ಲ ಮೂಗು ಒರೆಸಿಕೊಳ್ಳುತ್ತಾಳೆ. ನಗು ಬರದಿದ್ದರೆ ಹೋಗಲಿ ಎನ್ನಬಹುದು. ಸಿಟ್ಟೂ ಬರುವುದಿಲ್ಲ ಮುಖಕ್ಕೆ. ಒಳಗೆ ಕುದಿಯುತ್ತಿರುತ್ತದೆ, ಹುಬ್ಬು ಗಂಟಿಕ್ಕೋಣವೆಂದರೆ ಹಣೆ ಅಲ್ಲಾಡುವುದಿಲ್ಲ. "ಈಗ ನಮ್ಮವಳು ತಣ್ಣಗಾಗಿದ್ದಾಳೆ. ಮೊದಲೆಲ್ಲ ಹುಬ್ಬೇರಿಸಿದ್ರೆ ನಾನು ಅಂಗಡಿ ಬಿಟ್ಟು ಓಡ್ತಿದ್ದೆ," ಎಂದು ಮಾಸ್ಟರ್ ಗಿರಾಕಿಗಳ ಮುಂದೆ ತಮಾಷೆ ಮಾಡುವಾಗ ಅವಳಿಗೆ ಕೈಗೆ ಸಿಕ್ಕಿದ್ದನ್ನು ಎತ್ತಿ ಬಡಿಯಬೇಕು ಅನ್ನಿಸುತ್ತಿತ್ತು. ಎತ್ತಲು ಬೆರಳು ಬೇಕಲ್ಲ.

ಚರ್ಮದ ಡಾಕ್ಟರು ಹಚ್ಚಲು ಕೊಟ್ಟ ಮುಲಾಮುಗಳು ಕನ್ನಡಿಯ ಮುಂದೆ ಸಾಲಾಗಿ ನಿಂತಿದ್ದವು. ಅನ್ನ ಗಂಟಲಲ್ಲಿ ನಿಲ್ಲುತ್ತದೆ ಎಂದರೆ ನಿಧಾನವಾಗಿ ತಿನ್ನು ಎಂದರು. ಮಲಗಿದರೆ ಎದೆಗೆ ಹುಳಿ ನುಗ್ಗುತ್ತದೆ ಎಂದರೆ ದಿಂಬು ಎತ್ತರ ಮಾಡಿಕೊ ಎಂದರು. ಮೆಟ್ಟಿಲು ಹತ್ತಿದರೆ ಏದುಸಿರು ಎಂದರೆ ಅಂಗಿ ಬಿಚ್ಚಿ ಕೊಡು ಎಂದ ಗಂಡ. ಒಂದೊಂದಕ್ಕೂ ಒಂದೊಂದು ಉತ್ತರ. ಎಲ್ಲವೂ ಒಂದೇ ರೋಗವಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ, ಅವಳಿಗೂ.

ನಿನ್ನೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅದನ್ನು ಹೇಳಿದರು. ಮಾಸ್ಟರ್ ಜೊತೆಗೆ ಬಂದಿದ್ದ, ಬರಲಿಲ್ಲ ಎನ್ನುವ ಹಾಗಿಲ್ಲ. ಆದರೆ ಅವಳ ಸರದಿ ಬಂದು ಒಳಗೆ ಕರೆದಾಗ ಅವನು ಬಾಗಿಲ ಬಳಿಯ ವಾಚ್‌ಮನ್‌ನ ಕಾಲರು ಹಿಡಿದುಕೊಂಡು ನಿಂತಿದ್ದ. ಜಗಳಕ್ಕಲ್ಲ. "ಯಾರಪ್ಪ ಹೊಲ್ದಿದ್ದು ಇದನ್ನ? ಭುಜದ ಹೊಲಿಗೆ ನೋಡು, ಬೆನ್ನಿಗೆ ಬಂದು ಕೂತಿದೆ," ಎಂದು ಅವನಿಗೆ ಬೋಧನೆ ನಡೆಸಿದ್ದ. "ನೀನು ಹೋಗಿರು, ಬಂದೆ," ಎಂದ. ಬರಲಿಲ್ಲ.

ಡಾಕ್ಟರಮ್ಮ ಅವಳ ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ನೀವೇನು ಕೆಲಸ ಮಾಡ್ತೀರಿ ಎಂದು ಕೇಳಿ, ಅವಳು ಹೇಳಿದ ಮೇಲೆ, "ಬ್ಯಾಗಿನ ಬಾಯಿಗೆ ವೆಲ್ಕ್ರೋ ಅಂಟುಪಟ್ಟಿ ಹೊಲೀತೀರಲ್ಲ, ಅದನ್ನ ಮೆಲ್ಲಗೆ ಬಿಡಿಸಿದ್ರೆ ಚರಚರ ಅನ್ನುತ್ತೆ. ನಿಮ್ಮ ಶ್ವಾಸಕೋಶ ಈಗ ಹಾಗೆ ಸದ್ದು ಮಾಡ್ತಿದೆ," ಎಂದರು. ಕೊಳವೆಯೊಳಗೆ ಊದಿಸಿ ನೋಡಿದ್ದರು, ಸ್ಕ್ಯಾನ್ ಮಾಡಿಸಿದ್ದರು. ಅದನ್ನೆಲ್ಲ ಮುಂದಿಟ್ಟುಕೊಂಡು ರೋಗದ ಹೆಸರು ಹೇಳಿದರು, ಸಿಸ್ಟಮಿಕ್ ಸ್ಕ್ಲೆರೋಸಿಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ರೋಗ. ಚರ್ಮ ಗಟ್ಟಿಯಾದದ್ದು ಕಣ್ಣಿಗೆ ಕಂಡಿತು, ಅನ್ನನಾಳವೂ ಶ್ವಾಸಕೋಶವೂ ಗಟ್ಟಿಯಾಗುತ್ತಿದ್ದದ್ದು ಕಾಣಲಿಲ್ಲ, ಅಷ್ಟೇ.

"ಗಟ್ಟಿಯಾಗಿರೋದು ಮತ್ತೆ ಮೆತ್ತಗಾಗುತ್ತೆ ಅಂತ ನಾನು ಸುಳ್ಳು ಹೇಳಲ್ಲ," ಎಂದರು ಡಾಕ್ಟರಮ್ಮ. "ಇನ್ನೂ ಮೆತ್ತಗಿರೋದನ್ನ ಉಳಿಸ್ಕೊಳ್ಳೋಣ. ಸೋಮವಾರ ಅಡ್ಮಿಟ್ ಆಗಿ, ಡ್ರಿಪ್ ಶುರು ಮಾಡ್ತೀನಿ. ತಡ ಮಾಡಿದಷ್ಟೂ ಉಸಿರು ಕಳ್ಕೊಳ್ತೀರಿ. ಮನೆಯವರನ್ನ ಕರ್ಕೊಂಡು ಬನ್ನಿ. ಈ ಔಷಧಿ ತಗೊಂಡ್ಮೇಲೆ ಜ್ವರ ಬಂದ್ರೆ ಕಾಯೋ ಹಾಗಿಲ್ಲ, ಎತ್ಕೊಂಡು ಓಡಿ ಬರ್ಬೇಕು. ಅದನ್ನ ಅವರೂ ಕೇಳಿಸ್ಕೊಂಡಿರ್ಬೇಕು."

ಮನೆಯವರು ಹೊರಗೆ ವಾಚ್‌ಮನ್‌ನ ತೋಳಿನ ಉದ್ದ ನೋಡುತ್ತಿದ್ದರು.

ಬಸ್ಸಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಮಾಸ್ಟರ್ ಕಿಟಕಿಯಾಚೆ ನೋಡುತ್ತ ಕೇಳಿ, "ಚರ್ಮದ ರೋಗಕ್ಕೆ ಶ್ವಾಸಕೋಶ ಯಾಕೆ ನೋಡಿದ್ರು? ಕಾಲು ಅಳತೆ ಕೊಟ್ರೆ ಟೋಪಿ ಹೊಲ್ದ ಹಾಗಾಯ್ತು," ಎಂದ. "ದೊಡ್ಡಾಸ್ಪತ್ರೆಯವರು ಹೆದರ್ಸೋದೇ ಹಾಗೆ. ಮದುವೆ ಬ್ಯಾಂಡಿನವರ ಕೋಟು ಮುಗೀಲಿ, ಮುಂದಿನ ತಿಂಗಳು ನಿಧಾನಕ್ಕೆ ನೋಡೋಣ. ತಲೆಗೆ ಹಚ್ಕೋಬೇಡ." ಆಮೇಲೆ ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟು ಬೆಚ್ಚಗೆ ಉಜ್ಜಿದ. ಅದೇ ಅವಳಿಗೆ ತಡೆಯಲಾಗದ್ದು. ಕೆಟ್ಟ ಗಂಡನಾಗಿದ್ದರೆ ಬೈದು, ಬಿಟ್ಟು, ಒಬ್ಬಳೇ ಹೊರಟುಬಿಡಬಹುದಿತ್ತು. ಇವನು ಪ್ರೀತಿಯಿಂದಲೇ ಕೊಲ್ಲುವ ಜಾತಿ.

ಪರದೆಯ ಹಿಂದೆ ಕೊನೆಗೂ ಗುಂಡಿಗಳು ಬಿಚ್ಚಿಕೊಂಡವು. ಮೊಳೆಗೆ ತೂಗಿದ್ದ ಗಂಡನ ಹಳೇ ಶರ್ಟಿನೊಳಗೆ ತೋಳು ತೂರಿಸಿಕೊಂಡು, ಏದುಸಿರು ತಗ್ಗಲೆಂದು ಸ್ಟೂಲಿನ ಮೇಲೆ ಕೂತಳು. ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದರು. ನೆಲ ನಡುಗುವ ಹೆಜ್ಜೆ ಕೇಳಿಯೇ ಬ್ಯಾಂಡಿನ ತುತ್ತೂರಿಯವನು ಎಂದು ಗೊತ್ತಾಯಿತು. ಬ್ಯಾಂಡಿನವರೆಲ್ಲ ಅಳತೆ ಕೊಟ್ಟು ಹೋಗಿದ್ದರು, ಇವನೊಬ್ಬ ಉಳಿದಿದ್ದ. ಬಾಗಿಲಿನಷ್ಟು ಅಗಲದ ಆಸಾಮಿ, ಮಾತು ಕಡಿಮೆ.

"ಬನ್ನಿ ಬನ್ನಿ, ನಿಮ್ಮದಕ್ಕೇ ಕಾಯ್ತಿದ್ದೆ. ಬಟ್ಟೆ ಸಾಕಾಗುತ್ತೋ ಇಲ್ವೋ ಅಂತ," ಎಂದು ಮಾಸ್ಟರ್ ಕೊರಳಲ್ಲಿದ್ದ ಟೇಪು ತೆಗೆದ. "ಕೈ ಸ್ವಲ್ಪ ಎತ್ತಿ. ಹಾಂ. ಈಗ ಉಸಿರು ಎಳ್ಕೊಳ್ಳಿ. ಊದೋಕೆ ಮುಂಚೆ ಎಳ್ಕೊಳ್ತೀರಲ್ಲ, ಹಾಗೆ."

ತುತ್ತೂರಿಯವನು ಎಳೆದುಕೊಂಡ. ಪರದೆಯ ಸಂದಿನಿಂದ ಅವಳಿಗೆ ಕಾಣುತ್ತಿತ್ತು. ಅವನ ಎದೆ ಉಬ್ಬಿತು, ಮತ್ತೂ ಉಬ್ಬಿತು. ಮಾಸ್ಟರನ ಬೆರಳ ಸಂದಿನಿಂದ ಟೇಪು ಸರಸರ ಜಾರಿತು. ಬಿಡಿ ಎಂದಾಗ ಎದೆ ಇಳಿಯಿತು, ಟೇಪು ಸೋತು ಹೊಟ್ಟೆಯ ಮೇಲೆ ಬಿತ್ತು.

"ಬೇರೆ ಕಡೆ ಸುಮ್ನೆ ನಿಲ್ಸಿ ಟೇಪು ಸುತ್ತಿ ಮುಗಿಸ್ತಾರೆ," ಎಂದು ಮಾಸ್ಟರ್ ರಾಗ ಎಳೆದ. "ಆಮೇಲೆ ನೀವು ಊದಿದ್ರೆ ಗುಂಡಿ ಹಾರಿ ಮುಂದಿನವನ ಕಣ್ಣಿಗೆ. ನಮ್ಮಲ್ಲಿ ಹಾಗಲ್ಲ. ಎಳ್ಕೊಂಡಾಗ ಒಂದು ಅಳತೆ, ಬಿಟ್ಟಾಗ ಒಂದು ಅಳತೆ. ಆ ಎರಡರ ಮಧ್ಯೆ ಇರೋದೇ ಮನುಷ್ಯನ ಉಸಿರು. ಅದಕ್ಕೆ ಜಾಗ ಬಿಡದವನು ದರ್ಜಿಯೇ ಅಲ್ಲ."

ಈ ಮಾತನ್ನು ಅವಳು ಮದುವೆಯಾದಾಗಿನಿಂದ ಕೇಳುತ್ತ ಬಂದಿದ್ದಾಳೆ. ಇವತ್ತು ಅದು ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ತಾಗಿತು. ಊರಿನ ಗಂಡಸರೆಲ್ಲರ ಎದೆಗೂ ಟೇಪು ಸುತ್ತಿ ಎಳ್ಕೊಳ್ಳಿ, ಬಿಡಿ ಎಂದಿದ್ದಾನೆ. ತನಗೆ ಕೊನೆಯ ಸಲ ಟೇಪು ಹಿಡಿದದ್ದು ಯಾವಾಗ? ನೆನಪು ಕೆದಕಿದಳು. ಮದುವೆಯ ಹೊಸತರಲ್ಲಿ, ಮೊದಲ ಅಂಗಿ ಹೊಲಿದಾಗ. ಆಮೇಲೆ ಎಂದೂ ಇಲ್ಲ. ಹೆಂಡತಿಯ ಅಳತೆ ಬಾಯಿಪಾಠ ಎಂದು ಜಂಬ ಕೊಚ್ಚುತ್ತ, ಇಷ್ಟು ತಿಂಗಳು ಕಣ್ಣಂದಾಜಿನಲ್ಲೇ ಹೊಲಿಗೆ ಬಿಚ್ಚುತ್ತ ಬಿಚ್ಚುತ್ತ ಬಂದಿದ್ದಾನೆ.

ಪರದೆ ಸರಿಸಿ ಹೊರಗೆ ಬಂದಳು. "ನನಗೂ ಹಿಡೀರಿ," ಎಂದಳು.

"ಏನು?"

"ಟೇಪು."

"ನಿನಗ್ಯಾಕೆ? ನಿದ್ದೇಲಿ ಎಬ್ಬಿಸಿ ಕೇಳಿದ್ರೂ ನಿನ್ನ ಅಳತೆ ಹೇಳ್ತೀನಿ." ಮಾಸ್ಟರ್ ತುತ್ತೂರಿಯವನ ಕಡೆ ನೋಡಿ ನಕ್ಕ. "ಹೋಗು, ಒಳಗೆ ಕೂತ್ಕೋ. ಇವರದು ಮುಗಿಸ್ತೀನಿ. ನೀನು ಬ್ಯಾಂಡಿನ ಯಜಮಾನರ ಕೋಟಿಗೆ ಕಾಲರಿನ ಕಾಜಾ ಒಂದಾದ್ರೂ ನೋಡು, ಆದ್ರೆ."

ಆದ್ರೆ. ಅವಳಿಗೆ ಅಂಗಡಿ ಹಾರಿಹೋಗುವ ಹಾಗೆ ಕಿರುಚಬೇಕು ಅನ್ನಿಸಿತು. ಕಿರುಚುವುದಕ್ಕೂ ಉಸಿರು ಬೇಕು. ಇದ್ದಷ್ಟು ಉಸಿರಿನಲ್ಲಿ ಮಾತುಗಳು ತುಂಡು ತುಂಡಾಗಿ, ತಗ್ಗಿದ ದನಿಯಲ್ಲಿ ಬಂದವು. ಮುಖವಂತೂ ಎಂದಿನಂತೆ ನುಣ್ಣಗಿತ್ತು. ಗೊತ್ತಿಲ್ಲದವರು ನೋಡಿದ್ದರೆ ಗಂಡನ ಜೊತೆ ಹವಾಮಾನದ ಮಾತಾಡುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

"ದಾರೀಲಿ ಹೋಗೋ ವಾಚ್‌ಮನ್ ಕಾಲರು ಕಾಣುತ್ತೆ ನಿಮಗೆ," ಎಂದಳು. ಸುಧಾರಿಸಿಕೊಂಡಳು. "ಊರಿನವರ ಉಸಿರಿಗೆಲ್ಲ ಜಾಗ ಬಿಡ್ತೀರಿ. ಹೆಂಡ್ತಿ ಮೈಗೆ ಒಂದ್ಸಲ ಟೇಪು ಹಿಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಮತ್ತೆ ನಿಲ್ಲಿಸಿದಳು. "ನನ್ನ ಅಂಗಿ ಬಿಚ್ಚಿ ಬಿಚ್ಚಿ ಚೂರು ಮಾಡಿದ್ರಿ. ಯಾವತ್ತಾದ್ರೂ ನನ್ನ ಅಳತೆ ನೋಡಿದ್ರಾ? ನಾನು ಸಾಯ್ತಾ ಇದ್ದೀನಿ ರೀ, ನೀವು ಕಂಕುಳ ಹತ್ರ ಮಾರ್ಜಿನ್ ಹುಡುಕ್ತಿದ್ದೀರಿ."

ಮಾಸ್ಟರ್ ಮತ್ತೊಮ್ಮೆ ಗಿರಾಕಿಯ ಕಡೆ ನೋಡಿ ನಗಲು ಹೋದ. ತುತ್ತೂರಿಯವನು ನಗಲಿಲ್ಲ. "ಹಿಡೀರಿ ಮಾಸ್ಟ್ರೇ," ಎಂದ. "ನಂದೇನು ಅವಸರ ಇಲ್ಲ."

ಮಾಸ್ಟರ್ ಟೇಪು ಎತ್ತಿಕೊಂಡು ಬಂದ. ಮುಖದಲ್ಲಿ ಮಗುವಿನ ಹಟ ತೀರಿಸುವವನ ಗತ್ತು ಇನ್ನೂ ಇತ್ತು. ಹಿಂದಿನಿಂದ ಅವಳ ಕಂಕುಳಡಿ ಟೇಪು ತಂದು, ಮುಂದೆ ಕೂಡಿಸಿ, ಎಷ್ಟೋ ವರ್ಷಗಳ ಅಭ್ಯಾಸದಂತೆ ಎರಡು ಬೆರಳು ಒಳಗಿಟ್ಟು ಹಿಡಿದ. ಟೇಪಿನ ಮೇಲಿನ ಅಂಕಿಯನ್ನು ನೋಡಿದ. ತಾನು ಬಾಯಿಪಾಠ ಮಾಡಿದ್ದ ಅಂಕಿ ಅದಾಗಿರಲಿಲ್ಲ, ಬಹಳ ಕಡಿಮೆಯಿತ್ತು.

"ಎಳ್ಕೋ," ಎಂದ.

ಅವಳು ಎಳೆದುಕೊಂಡಳು. ಕಾಲಿನ ಬೆರಳಿಂದ ಹಿಡಿದು ಎಳೆದುಕೊಂಡಳು. ಕೊರಳ ನರಗಳು ಎದ್ದು ನಿಂತವು, ಭುಜ ಮೇಲೇರಿತು.

"ಎಳ್ಕೊಳ್ಳೇ," ಎಂದ ಅವನು, ಟೇಪನ್ನೇ ನೋಡುತ್ತ.

"ಎಳ್ಕೊಂಡಿದ್ದೀನಿ."

ಟೇಪು ಶರ್ಟಿನ ಮಡಿಕೆಗೆ ಸಿಕ್ಕಿಕೊಂಡಿದೆ ಎಂದುಕೊಂಡ. ಬಿಡಿಸಿ, ಬೆನ್ನ ಕಡೆ ಶರ್ಟು ನೇರ ಮಾಡಿ, ಮತ್ತೆ ಸುತ್ತಿದ. "ಬಿಡು ಈಗ," ಎಂದ. "ಬಿಟ್ಟೆ," ಎಂದಳು. ಅವನ ಹೆಬ್ಬೆರಳ ಉಗುರು ಮೊದಲು ಯಾವ ಗೆರೆಯ ಮೇಲೆ ಇತ್ತೋ ಅದೇ ಗೆರೆಯ ಮೇಲಿತ್ತು. "ಎಳ್ಕೋ," ಎಂದ. ಎಳೆದುಕೊಂಡಳು. ಉಗುರು ಅಲ್ಲೇ ಇತ್ತು. ಬಾಗಿ, ಕನ್ನಡಕ ಹಣೆಗೇರಿಸಿ, ಕಣ್ಣು ಹತ್ತಿರ ತಂದು ನೋಡಿದ. ಅಷ್ಟು ಹತ್ತಿರ ಬಂದಾಗ ಅವಳ ಎದೆಯೊಳಗಿನ ಸದ್ದೇನಾದರೂ ಕೇಳಿಸಿತೋ ಇಲ್ಲವೋ, ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಒಂದು ಕೆಳಗೆ ಬಿತ್ತು. ಕೆಳಗೆ ಬಿದ್ದ ಸೂಜಿಯನ್ನು ಹೆಕ್ಕದೆ ಬಿಟ್ಟವನಲ್ಲ ಅವನು, ಇವತ್ತು ಬಿಟ್ಟ.

"ಆ ಡಾಕ್ಟರಮ್ಮ ನಿನಗೆ ಹೇಳಿದ್ದು..." ಎಂದು ಶುರುಮಾಡಿದ.

"ಹೇಳಿದ್ದೆ ನಿಮಗೆ. ಬಸ್ಸಲ್ಲಿ. ಊಟ ಮಾಡ್ವಾಗ. ಬೆಳಿಗ್ಗೆ ಶಟರ್ ಎತ್ತುವಾಗ."

ಅವನು ತಲೆ ಎತ್ತಿ ಅವಳ ಮುಖ ನೋಡಿದ. ಅವನ ಹಣೆಯ ತುಂಬ ಗೆರೆಗಳೆದ್ದಿದ್ದವು. ಅವಳ ಹಣೆಯ ಮೇಲೆ ಒಂದೂ ಇರಲಿಲ್ಲ. ಆದರೂ ಆ ಕಣ್ಣುಗಳಲ್ಲಿದ್ದದ್ದು ಏನೆಂದು ಈ ಸಲ ಅವನಿಗೆ ಗೊತ್ತಾಯಿತು, ನೋಟ ತಗ್ಗಿಸಿದ. ಹಾಗೆಂದು ಅವಳ ಸಿಟ್ಟು ಇಳಿಯಲಿಲ್ಲ. ಟೇಪು ಹೇಳಿದರೆ ನಂಬುತ್ತಾನೆ, ಹೆಂಡತಿ ಹೇಳಿದರೆ ಇಲ್ಲ ಎಂದು ಇನ್ನೂ ಒಂದು ಪಟ್ಟು ಹೆಚ್ಚೇ ಆಯಿತು.

"ಸೋಮವಾರ ಎಷ್ಟೊತ್ತಿಗೆ?" ಎಂದು ಕೇಳಿದ. ದನಿ ಅವನದಲ್ಲ ಎನ್ನುವ ಹಾಗಿತ್ತು.

"ಬೆಳಿಗ್ಗೇನೇ. ಬಾಗಿಲಾಚೆ ನಿಲ್ಲೋ ಹಾಗಿಲ್ಲ. ಒಳಗೆ ಬರ್ಬೇಕು." ಉಸಿರು ತೆಗೆದುಕೊಂಡಳು. "ಕೂತು ಕೇಳ್ಬೇಕು. ಯಾರ ಕಾಲರೂ ನೋಡ್ಬಾರ್ದು."

"ಹೂಂ."

"ಬ್ಯಾಂಡಿನ ಕೋಟು?"

"ಹಾಳಾಗೋಗ್ಲಿ ಕೋಟು," ಎಂದ ಮಾಸ್ಟರ್. ಎದುರಿಗೆ ಬ್ಯಾಂಡಿನವನೇ ನಿಂತಿದ್ದಾನೆ ಎಂಬುದು ಅವನಿಗೆ ಮರೆತೇ ಹೋಗಿತ್ತು. ತುತ್ತೂರಿಯವನು ನೆಲ ನೋಡಿದ.

"ಟೇಪು ತೆಗೀರಿ ಇನ್ನು. ನೋಡಿದ್ರಲ್ಲ."

ಅವನು ತೆಗೆಯಲಿಲ್ಲ. ಬೆರಳು ಬದಲಿಸಿ, ಟೇಪನ್ನು ಆದಷ್ಟು ಸಡಿಲ ಬಿಟ್ಟು, ತುದಿಗಳನ್ನು ಹಗುರವಾಗಿ ಹಿಡಿದುಕೊಂಡ.

"ಇನ್ನೊಂದ್ಸಲ," ಎಂದ. "ಒಂದೇ ಒಂದ್ಸಲ ಎಳ್ಕೋ."

ಬೈಯಬಹುದಿತ್ತು. ಬೈಗುಳಕ್ಕೆ ಖರ್ಚು ಮಾಡುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ. ಕಣ್ಣು ಮುಚ್ಚಿ ಎಳೆದುಕೊಂಡಳು. ಮಾಸ್ಟರ್ ಟೇಪಿನ ಮೇಲೆ ಕಣ್ಣು ನೆಟ್ಟು ಕಾಯುತ್ತ ನಿಂತ. ಅವನ ಬೆನ್ನ ಹಿಂದೆ ತುತ್ತೂರಿಯವನೂ ಅವಳ ಜೊತೆಗೇ ಉಸಿರು ಎಳೆದುಕೊಂಡಿದ್ದ. ಎದೆ ತುಂಬ ತುಂಬಿಕೊಂಡವನು, ಬಿಡದೆ ಹಾಗೆಯೇ ನಿಂತಿದ್ದ.